ಅಮ್ಮನ ಸೇವೆಯನ್ನ ಔಟ್‌ಸೋರ್ಸ್ ಮಾಡಬಹುದಾ?

ಅರಬರಲ್ಲಿ 'ಬಿರ್ರುಲ್ ವಾಲಿದೈನ್' ಅಂತ ಒಂದು ಮಾತಿದೆ. ಹೆತ್ತವರನ್ನ ಪ್ರೀತಿಯಿಂದ ನೋಡಿಕೊಳ್ಳೋದು ಅಂತ ಅರ್ಥ. ಮುಪ್ಪಿನ ತಂದೆತಾಯಿಯ ಮುಂದೆ 'ಉಫ್' ಅಂತ ಬೇಸರ ಕೂಡ ತೋರಿಸಬಾರದು ಅನ್ನೋದು ಕುರಾನಿನ 17ನೇ ಅಧ್ಯಾಯದಲ್ಲೇ ಬರುತ್ತೆ. ಹಾಗಾಗಿ ಅಮ್ಮನನ್ನ 'ದಾರ್ ಅಲ್ ಮುಸಿನ್ನೀನ್'ಗೆ, ಅಂದ್ರೆ ವೃದ್ಧಾಶ್ರಮಕ್ಕೆ ಸೇರಿಸಿದ ಮಗ ನಾಲ್ಕು ಜನರೆದುರು ತಲೆಯೆತ್ತೋದು ಕಷ್ಟ.

ಆದರೆ ಮನೆಗಳು ಬದಲಾಗಿವೆ. 1980ರ ಸುಮಾರಿಗೆ ಸೌದಿ ಅರೇಬಿಯಾದಲ್ಲಿ ಒಬ್ಬ ತಾಯಿಗೆ ಸರಾಸರಿ 7 ಮಕ್ಕಳು. ಈಗ 3ಕ್ಕಿಂತ ಕಡಿಮೆ. ಮಗಳು, ಸೊಸೆ ಆಫೀಸಿಗೆ ಹೋಗ್ತಾರೆ. ಹಾಗಾದ್ರೆ ಅಜ್ಜಿಗೆ ಮಾತ್ರೆ ಕೊಟ್ಟು, ಸ್ನಾನ ಮಾಡಿಸಿ, ನಡುರಾತ್ರಿ ಎಬ್ಬಿಸಿ ಬಚ್ಚಲಿಗೆ ಕರ್ಕೊಂಡು ಹೋಗೋರು ಯಾರು? ಕೊಲ್ಲಿ ದೇಶಗಳ ಎಷ್ಟೋ ಮನೆಗಳಲ್ಲಿ ಅದು ಫಿಲಿಪ್ಪೀನ್ಸ್, ಶ್ರೀಲಂಕಾ, ಇಥಿಯೋಪಿಯಾದಿಂದಲೋ ನಮ್ಮ ದೇಶದಿಂದಲೋ ಬಂದ ಹೆಣ್ಣುಮಗಳು.

ನಮ್ಮ ಐಟಿ ಭಾಷೆಯಲ್ಲಿ ಇದು ಔಟ್‌ಸೋರ್ಸಿಂಗ್. ಇದನ್ನ ತಪ್ಪು ಅನ್ನೋಕೆ ನನಗೆ ಮನಸ್ಸಿಲ್ಲ. ದುಡಿಯೋ ಸೊಸೆಯನ್ನ ಕೆಲಸ ಬಿಡಿಸಿ ಮಂಚದ ಪಕ್ಕ ಕೂರಿಸೋದು ಯಾವ ಧರ್ಮ? ಅಲ್ಲದೆ 'ಮಗ ನೋಡ್ಕೋತಾನೆ' ಅಂತಿದ್ದ ಕಾಲದಲ್ಲೂ ಮೈ ಒರೆಸಿದ್ದು ಹೆಚ್ಚಾಗಿ ಮಗನಲ್ಲ. ಅಲ್ಲೂ ಅಷ್ಟೇ, ನಮ್ಮ ಹಳ್ಳಿಗಳಲ್ಲೂ ಅಷ್ಟೇ. ಹೆಸರು ಮಗನದ್ದು, ಕೈ ಹೆಂಗಸರದ್ದು. ಈಗ ಆ ಕೈ ದೂರದ ಊರಿನದು.

ನನ್ನ ಪ್ರಶ್ನೆ ಇಷ್ಟೇ: ಆ ಕೈಗೆ ಸಂಬಳ ಕೊಟ್ಟ ಕೂಡಲೇ ಲೆಕ್ಕ ಚುಕ್ತಾ ಆಯ್ತಾ? ಕಫಾಲಾ ಪದ್ಧತಿಯಲ್ಲಿ ಆಕೆ ಆ ದೇಶದಲ್ಲಿ ಇರಬಹುದೋ ಬೇಡವೋ ಅನ್ನೋದು ಯಜಮಾನನ ಹೆಸರಿಗೆ ಗಂಟು ಬಿದ್ದಿರುತ್ತೆ. ಲೆಬನಾನಿನ 1946ರ ಕಾರ್ಮಿಕ ಕಾನೂನು ಮನೆಗೆಲಸದವರನ್ನ ಹೊರಗೇ ಇಟ್ಟಿತು. ಕುವೈತ್ 2015ರಲ್ಲಿ ಕಾನೂನು ತಂದು ವಾರಕ್ಕೊಂದು ರಜೆ, ವರ್ಷಕ್ಕೆ 30 ದಿನ ಸಂಬಳದ ರಜೆ ಅಂತು. ಆದ್ರೂ ದಿನಕ್ಕೆ 12 ಗಂಟೆವರೆಗೆ ದುಡಿಸಬಹುದು. ಮುಚ್ಚಿದ ಬಾಗಿಲ ಹಿಂದೆ ಗಡಿಯಾರ ನೋಡೋರು ಯಾರು?

ಆಕೆಗೂ ಊರಲ್ಲಿ ಅಮ್ಮ ಇರಬಹುದು. ಇನ್ನೊಬ್ಬರ ಅಮ್ಮನ ಮುಂದೆ 'ಉಫ್' ಅನ್ನದೇ ಇರೋದೇ ಆಕೆಯ ನೌಕರಿ. ಸ್ವಂತ ಅಮ್ಮನಿಗೆ ಮಾತ್ರ ಫೋನಿನಲ್ಲಿ ದನಿ. ಅಮ್ಮನ ಋಣ ದೊಡ್ಡದು ಅಂತ ನಂಬೋರು ಇದನ್ನೂ ಒಪ್ಪಬೇಕಾಗುತ್ತೆ: ಕೆಲಸವನ್ನ ಇನ್ನೊಬ್ಬರಿಗೆ ದಾಟಿಸಬಹುದು, ಋಣವನ್ನಲ್ಲ. ಅದು ಇಬ್ಬರು ತಾಯಂದಿರ ಋಣ ಆಗುತ್ತೆ. ಹಾಗಾಗಿ ಆಕೆಗೆ ಕೊಡೋ ರಜೆ, ನಿದ್ದೆ, ಊರಿಗೆ ಹೋಗೋ ಟಿಕೆಟ್ ಯಾವುದೂ ಉಪಕಾರ ಅಲ್ಲ. ಅದೂ 'ಬಿರ್ರುಲ್ ವಾಲಿದೈನ್' ಲೆಕ್ಕಕ್ಕೇ ಸೇರಬೇಕು.