ನಿಷ್ಠಾಭಕ್ತಿಗೆ ದೂರದ ಓಟದ ದೃಷ್ಟಾಂತ



ದೃಷ್ಟಾಂತದ ಆಸರೆಯಿಲ್ಲದೆ ಸಿದ್ಧಾಂತವು ಸಾಮಾನ್ಯರ ಮನಸ್ಸಿನಲ್ಲಿ ನೆಲೆಗೊಳ್ಳುವುದು ಕಷ್ಟ. ಆದುದರಿಂದಲೇ ನಮ್ಮ ಶರಣರು ಒಕ್ಕಲುತನ, ನೇಯ್ಗೆ, ದೋಣಿ ನಡೆಸುವಿಕೆ ಮೊದಲಾದ ನಿತ್ಯದ ಕಾಯಕಗಳಿಂದಲೇ ಮಾತನ್ನೆತ್ತಿಕೊಂಡು ತತ್ತ್ವವನ್ನು ತಿಳಿಯಹೇಳಿದರು. ಈ ಮಾಗಿಯಲ್ಲಿ ನಮ್ಮ ಉಪ್ಪಿನಬೆಟಗೇರಿಯ ಸೀಮೆಯಲ್ಲಿಯೂ ಅಂಥದೊಂದು ದೃಷ್ಟಾಂತ ಕಣ್ಣೆದುರಿಗಿದೆ. ಇನ್ನೂ ಬೆಳಕು ಹರಿಯದ ಹೊತ್ತಿನಲ್ಲಿ, ಹಿಂಗಾರಿ ಜೋಳದ ಹೊಲಗಳ ನಡುವಣ ರಸ್ತೆಯ ಮೇಲೆ ತರುಣರು ಓಡುತ್ತಿರುತ್ತಾರೆ. ಕೆಲವರಿಗೆ ಸೈನ್ಯವನ್ನೋ ಪೊಲೀಸ್ ಖಾತೆಯನ್ನೋ ಸೇರುವ ಹಂಬಲ; ಕೆಲವರಿಗೆ, ಮುಂಬಯಿಯಲ್ಲಿ 2004ರಲ್ಲಿ ಆರಂಭವಾಗಿ ಜನವರಿಯಲ್ಲಿ ನಡೆಯುವ ಮ್ಯಾರಥಾನಿನಂಥ ದೂರದ ಪಂದ್ಯದ ಆಸೆ. “ಹೊಲದಲ್ಲಿ ಮೈತುಂಬ ಕೆಲಸವಿರಲು ಈ ಬರಿಯ ಓಟವೇತಕ್ಕೆ?” ಎಂದು ಮನೆಯ ಹಿರಿಯರು ಕೇಳುತ್ತಾರೆ. ಆ ಪ್ರಶ್ನೆಗೆ ಶರಣಮಾರ್ಗದ ಬೆಳಕಿನಲ್ಲಿ ಉತ್ತರವನ್ನು ಹುಡುಕೋಣ.

ಮೊದಲು ನಮ್ಮ ನಾಡಿನವನೇ ಆದ ಒಬ್ಬ ಓಟಗಾರನನ್ನು ಸ್ಮರಿಸುವುದು ಉಚಿತ. ಪುಣೆಯ ಡೆಕ್ಕನ್ ಜಿಮಖಾನಾದ ಕ್ರೀಡೆಗಳಲ್ಲಿ ಹಳ್ಳಿಯ ರೈತರು ಬರಿಗಾಲಿನಲ್ಲಿ ದೂರದ ಓಟವನ್ನು ಓಡಿದುದನ್ನು ಸರ್ ದೊರಾಬ್ಜಿ ಟಾಟಾ ಅವರು ಕಂಡು ಬೆರಗಾದರು. ಅವರ ಪ್ರಯತ್ನದಿಂದ 1920ರಲ್ಲಿ ಭಾರತದ ಮೊದಲ ತಂಡವು ಬೆಲ್ಜಿಯಂ ದೇಶದ ಆಂಟ್‌ವರ್ಪ್ ನಗರದ ಒಲಿಂಪಿಕ್ ಕ್ರೀಡೆಗಳಿಗೆ ಹೋಯಿತು. ಆ ತಂಡದಲ್ಲಿ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಇದ್ದನು. ಅಂದಿನ ಮ್ಯಾರಥಾನಿನ ದೂರ 42.75 ಕಿಲೋಮೀಟರು, ಇಂದು ನಿಯತವಾಗಿರುವ 42.195 ಕಿಲೋಮೀಟರಿಗಿಂತಲೂ ಅದು ಹೆಚ್ಚು. ಒಲಿಂಪಿಕ್ ಮ್ಯಾರಥಾನುಗಳಲ್ಲೆಲ್ಲ ಅದೇ ಅತಿ ದೀರ್ಘವಾದುದು. ಅಷ್ಟು ದೂರವನ್ನು ಚೌಗುಲೆ 2 ಗಂಟೆ 51 ನಿಮಿಷದೊಳಗೆ ಓಡಿ ಮುಗಿಸಿ, 19ನೆಯವನಾಗಿ ಬಂದನು. ಪದಕವೇನೂ ಕೊರಳಿಗೆ ಬೀಳಲಿಲ್ಲ. ಆದರೂ ನೂರು ವರ್ಷಗಳ ಮೇಲೆ ನಾವು ಅವನ ಹೆಸರನ್ನೆತ್ತುತ್ತಿದ್ದೇವೆ. ಈ ಮಾತನ್ನು ನೆನಪಿನಲ್ಲಿಡಿರಿ, ಮುಂದೆ ಬೇಕಾಗುವುದು.

ಇನ್ನು ನಮ್ಮ ಹಿರಿಯರೂ ಮಾಗಿಯ ದೂರದ ದಾರಿಯನ್ನು ಅರಿಯದವರಲ್ಲ. ಭಾರತ ಹುಣ್ಣಿಮೆಯ ಉಳವಿಯ ಜಾತ್ರೆಗೆ ಚಕ್ಕಡಿ ಕಟ್ಟಿಕೊಂಡು ಅಡವಿಯ ದಾರಿ ಹಿಡಿಯುವ ಪರಿಪಾಠ ಈ ಸೀಮೆಯಲ್ಲಿ ಇಂದಿಗೂ ಉಂಟು. ಹೊರಟ ಮೊದಲ ದಿನವೇ ಎತ್ತುಗಳನ್ನು ಓಡಿಸಿ ದಣಿಸುವ ಒಕ್ಕಲಿಗನು ಎಲ್ಲಿಯಾದರೂ ಇರುವನೇ? ದೂರದ ಪಯಣದ ಮರ್ಮವೆಲ್ಲ ಈ ಒಂದು ವಿವೇಕದಲ್ಲಿ ಅಡಗಿದೆ. ಉಳವಿಯಲ್ಲಿ ಐಕ್ಯರಾದ ಚೆನ್ನಬಸವಣ್ಣನವರು ಷಟ್‌ಸ್ಥಲಕ್ಕೆ ವ್ಯವಸ್ಥಿತವಾದ ರೂಪವನ್ನಿತ್ತ ಜ್ಞಾನಿಗಳು. ಆ ಆರು ಸ್ಥಲಗಳಿಗೆ ಕ್ರಮವಾಗಿ ಶ್ರದ್ಧೆ, ನಿಷ್ಠೆ, ಅವಧಾನ, ಅನುಭವ, ಆನಂದ, ಸಮರಸ ಎಂಬ ಆರು ಭಕ್ತಿಗಳು. ಓಟಗಾರನ ಸಾಧನೆಯನ್ನು ಈ ಕ್ರಮದಲ್ಲಿಟ್ಟು ನೋಡಿದರೆ ಭಕ್ತಿಮಾರ್ಗವೂ ತಿಳಿಯಾಗುತ್ತದೆ.

ಮೊದಲನೆಯದು ಶ್ರದ್ಧೆ. ಅದು ಸುಲಭವಾಗಿ ಹುಟ್ಟುತ್ತದೆ. ಒಂದು ಪಂದ್ಯವನ್ನು ಕಂಡ ದಿನ ಎಲ್ಲರಿಗೂ ಓಡಬೇಕೆನಿಸುತ್ತದೆ. ಒಂದು ಪ್ರವಚನವನ್ನು ಕೇಳಿದ ದಿನ ಎಲ್ಲರಿಗೂ ನಿತ್ಯ ಲಿಂಗಪೂಜೆ ಮಾಡಬೇಕೆನಿಸುತ್ತದೆ. ಆ ಉತ್ಸಾಹವು ಮರುದಿನದ ಚಳಿಯಲ್ಲಿ ಉಳಿಯುವುದೇ ಎಂಬುದು ಮುಂದಿನ ಪ್ರಶ್ನೆ.

ಎರಡನೆಯದು ನಿಷ್ಠೆ. ಸೀಗಿ ಹುಣ್ಣಿಮೆಯಿಂದ ಭಾರತ ಹುಣ್ಣಿಮೆಗೆ ನಾಲ್ಕು ತಿಂಗಳು. ಮ್ಯಾರಥಾನಿನ ಅಭ್ಯಾಸಕ್ಕೂ ಸಾಮಾನ್ಯವಾಗಿ ಹದಿನಾರು ವಾರಗಳೇ ಬೇಕೆನ್ನುತ್ತಾರೆ. ಈ ಕಾಲವು ದೇಹಕ್ಕೆ ಅನುಕೂಲವಾದುದು. ಓಡುವಾಗ ಸ್ನಾಯುಗಳು ವ್ಯಯಿಸುವ ಶಕ್ತಿಯಲ್ಲಿ ಸುಮಾರು ಕಾಲು ಭಾಗ ಮಾತ್ರ ಚಲನೆಯಾಗಿ, ಉಳಿದುದು ಶಾಖವಾಗುತ್ತದೆ. ಬೇಸಿಗೆಯಲ್ಲಿ ಆ ಶಾಖವನ್ನು ಹೊರಹಾಕುವುದರಲ್ಲಿಯೇ ದೇಹವು ಬಸವಳಿಯುತ್ತದೆ. ಮಾಗಿಯ ತಂಪುಗಾಳಿ ಅದನ್ನು ಸುಲಭವಾಗಿ ಒಯ್ಯುತ್ತದೆ. ದೇಹಕ್ಕೆ ಅನುಕೂಲವಾದ ಈ ಕಾಲವೇ ಮನಸ್ಸಿಗೆ ಪ್ರತಿಕೂಲ. ಕೌದಿಯ ಬೆಚ್ಚನೆಯನ್ನು ಬಿಟ್ಟೇಳುವುದೇ ಅರ್ಧ ಓಟ. ಯಾರೂ ನೋಡದ, ಯಾರೂ ಹೊಗಳದ ಆ ನಸುಕಿನಲ್ಲಿ ಏಳುವವನೇ ನಿಷ್ಠಾವಂತನು. ನೇಮವೆಂದರೆ ಇದೇ: ಮನಸ್ಸು ಒಪ್ಪಿದ ದಿನವೂ ಒಪ್ಪದ ದಿನವೂ ಒಂದೇ ಹೊತ್ತಿಗೆ ಕೈಕೊಳ್ಳುವ ಕೆಲಸ.

ಮೂರನೆಯದು ಅವಧಾನ. ನಿಷ್ಠೆಯು ಹಟವಾಗಿ ಕೆಡದಂತೆ ಕಾಯುವುದು ಇದೇ. ಚಳಿಯಲ್ಲಿ ಬಿಗಿದ ಕಾಲುಗಳನ್ನು ಏಕಾಏಕಿ ಓಡಿಸದೆ ಮೊದಲು ಹತ್ತು ನಿಮಿಷ ನಡೆಯಬೇಕು. ಬಹುಪಾಲು ಅಭ್ಯಾಸವು ಜೊತೆಗಾರನೊಡನೆ ಮಾತಾಡುತ್ತ ಸಾಗಬಹುದಾದಷ್ಟು ಮೆಲ್ಲಗಿರಬೇಕು. ದೂರವನ್ನು ವಾರದಿಂದ ವಾರಕ್ಕೆ ಸ್ವಲ್ಪಸ್ವಲ್ಪವಾಗಿ ಹೆಚ್ಚಿಸಿ, ನಡುನಡುವೆ ವಿಶ್ರಾಂತಿಯನ್ನು ಕೊಡಬೇಕು. ಮಾಗಿಯಲ್ಲಿ ಬಾಯಾರಿಕೆ ಕಡಿಮೆ ತೋರಿದರೂ ಉಸಿರಿನಿಂದಲೂ ಬೆವರಿನಿಂದಲೂ ನೀರು ಹೋಗುತ್ತಲೇ ಇರುತ್ತದೆ, ಕುಡಿಯುವುದನ್ನು ಮರೆಯಬಾರದು. ಕಬ್ಬಿನ ಟ್ರ್ಯಾಕ್ಟರುಗಳು ಕತ್ತಲಲ್ಲಿ ಓಡಾಡುವ ದಿನಗಳಿವು; ಬಿಳಿಯ ಬಟ್ಟೆ ತೊಟ್ಟು, ಎದುರು ಬರುವ ವಾಹನಗಳಿಗೆ ಮುಖಮಾಡಿ ರಸ್ತೆಯ ಅಂಚಿನಲ್ಲಿ ಓಡುವುದು ಕ್ಷೇಮ. ವಯಸ್ಸಾದವರೂ ಎದೆಯ ಬೇನೆಯುಳ್ಳವರೂ ವೈದ್ಯರನ್ನು ಕೇಳದೆ ಈ ಸಾಹಸಕ್ಕಿಳಿಯಬಾರದು.

ಅವಧಾನವು ಪ್ರಸಾದಿಸ್ಥಲದ ಭಕ್ತಿಯೆಂಬುದನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಲಿಂಗಕ್ಕೆ ಅರ್ಪಿಸಲಾಗದುದನ್ನು ಪ್ರಸಾದಿಯು ಅಂಗಕ್ಕೆ ಕೊಡನು. ಜೋಳದ ರೊಟ್ಟಿ, ಕಾಳು, ಮಜ್ಜಿಗೆ, ಬೆಲ್ಲಗಳನ್ನು ಅರ್ಪಿಸಿ ಉಣ್ಣಬಹುದು. ವೇಗ ಬರುವುದೆಂದು ಯಾರೋ ಗುಟ್ಟಾಗಿ ಮಾರುವ ಗುಳಿಗೆಯನ್ನೂ ಸೂಜಿಮದ್ದನ್ನೂ ಅಂಗೈಯಲ್ಲಿಟ್ಟುಕೊಂಡು, ಇಷ್ಟಲಿಂಗದ ಮುಂದೆ ನಿಂತು ಅರ್ಪಿಸಲು ಯಾವ ತರುಣನಿಗೆ ಧೈರ್ಯವುಂಟು? ಅರ್ಪಿಸಲು ನಾಚಿಕೆಯಾಗುವ ವಸ್ತುವು ದೇಹಕ್ಕೂ ವಿಷವೇ ಸರಿ. ಅದರಿಂದ ಪಡೆದ ನೌಕರಿಯೂ ಕಾಯಕವಾಗಲಾರದು.

ನಾಲ್ಕನೆಯದು ಅನುಭವ. ದೇಹದಲ್ಲಿ ಸಂಚಿತವಾದ ಶರ್ಕರದ ಶಕ್ತಿಯು ಸಾಮಾನ್ಯವಾಗಿ 30 ಕಿಲೋಮೀಟರಿನ ಆಸುಪಾಸಿನಲ್ಲಿ ಬರಿದಾಗತೊಡಗುತ್ತದೆ. ಆರಂಭದಲ್ಲಿಯೇ ಬಿರುಸಾಗಿ ಓಡಿದವನಿಗೆ ಇನ್ನೂ ಬೇಗ. ಆಗ ಗಡಿಯಾರವೂ ನೆರೆದ ಜನರ ಕೂಗೂ ಕೆಲಸಕ್ಕೆ ಬಾರವು. ಓಟಗಾರನು ತನ್ನ ಉಸಿರನ್ನೇ ಅನುಸರಿಸಿ, ಒಳಮುಖನಾಗಿ ಸಾಗಬೇಕಾಗುತ್ತದೆ. ಪ್ರಾಣದಲ್ಲಿ ಲಿಂಗವನ್ನು ಕಾಣುವ ಪ್ರಾಣಲಿಂಗಿಯ ಸ್ಥಿತಿಗೆ ಇದು ಬಹು ದೂರದ ಹೋಲಿಕೆಯಾದರೂ ಹೋಲಿಕೆಯೇ. ಐದನೆಯದಾದ ಆನಂದವು ಹೇಳಿಸಿಕೊಳ್ಳುವುದಲ್ಲ, ಓಡಿದವನ ಮುಖದಲ್ಲಿ ಕಾಣಿಸಿಕೊಳ್ಳುವುದು. ಆರನೆಯದಾದ ಸಮರಸಕ್ಕೆ ಈ ದೃಷ್ಟಾಂತವು ಸಲ್ಲದು. ಓಟಕ್ಕೆ ಗೆರೆಯುಂಟು, ಕೊನೆಯುಂಟು. ಲಿಂಗಾಂಗ ಸಾಮರಸ್ಯಕ್ಕೆ ಅಂಥ ಎಲ್ಲೆಯಿಲ್ಲ.

ಗೃಹಸ್ಥರಿಗೆ ಎರಡು ಮಾತುಗಳನ್ನು ವಿಶೇಷವಾಗಿ ಬಿನ್ನವಿಸುತ್ತೇನೆ.

ಒಂದನೆಯದು ಹೆಣ್ಣುಮಕ್ಕಳ ವಿಷಯ. ಒಲಿಂಪಿಕ್ ಕ್ರೀಡೆಗಳಲ್ಲಿ ಸ್ತ್ರೀಯರಿಗೆ ಮ್ಯಾರಥಾನ್ ಓಡುವ ಅವಕಾಶ ದೊರೆತದ್ದು 1984ರಲ್ಲಿ, ಲಾಸ್ ಏಂಜಲೀಸಿನಲ್ಲಿ. ಅಷ್ಟು ದೂರ ಅವರ ಶರೀರಕ್ಕೆ ಆಗದೆಂದು ಲೋಕವು ಅಲ್ಲಿಯವರೆಗೆ ಶಂಕಿಸುತ್ತಿತ್ತು. ಹೆಣ್ಣಿನ ಅಂಗದ ಮೇಲೂ ಗಂಡಿನ ಅಂಗದ ಮೇಲೂ ಒಂದೇ ಲಿಂಗವನ್ನು ನೆಲೆಗೊಳಿಸಿದ ಪರಂಪರೆಯವರು ನಾವು. ಮಗಳು ಓಡುವೆನೆಂದರೆ ತಡೆಯುವುದು ನಮಗೆ ಒಪ್ಪುವುದೇ? ಜೊತೆಗೊಬ್ಬರನ್ನು ಕಳುಹಿಸಿರಿ, ಸಾಧ್ಯವಾದರೆ ತಾಯಿಯೂ ನಡೆಯಲಿ.

ಎರಡನೆಯದು ಸೋತು ಬಂದವರ ವಿಷಯ. ಭರ್ತಿಯ ದಿನ 1600 ಮೀಟರಿನ ಓಟದಲ್ಲಿ ಕೆಲವೇ ಕ್ಷಣಗಳ ಅಂತರದಿಂದ ಹಿಂದೆ ಬಿದ್ದು, ತಲೆ ತಗ್ಗಿಸಿ ಊರಿಗೆ ಮರಳುವ ಹುಡುಗರಿರುತ್ತಾರೆ. ಪಾಠ ಹೇಳಿಸಿಕೊಂಡು ಹೋದ ಮಕ್ಕಳಲ್ಲಿ ಅಂಥ ಮುಖಗಳನ್ನು ನಾನು ಕಂಡಿದ್ದೇನೆ. ಆ ರಾತ್ರಿ ಮನೆಯಲ್ಲಿ “ವರ್ಷವೆಲ್ಲ ಓಡಿ ಏನು ಗಳಿಸಿದೆ?” ಎಂಬ ಮಾತು ಬಿದ್ದರೆ, ಆ ಗಾಯವು ಕಾಲಿನ ಗಾಯದಂತೆ ಬೇಗ ಮಾಯುವುದಿಲ್ಲ. ತಂದೆಯಾದವನು ಆಗ ಚೌಗುಲೆಯನ್ನು ನೆನೆಯಲಿ. ಹದಿನೆಂಟು ಜನರ ಹಿಂದೆ ಬಂದವನು ಅವನು. ಆದರೂ ಹಿಡಿದ ದಾರಿಯನ್ನು ಕೊನೆಯವರೆಗೆ ಬಿಡಲಿಲ್ಲ. ನಾಲ್ಕು ತಿಂಗಳು ನಸುಕಿನಲ್ಲೆದ್ದ ಮಗನು ನೌಕರಿಯನ್ನು ಗಳಿಸದಿದ್ದರೂ ನೇಮವನ್ನು ಗಳಿಸಿದ್ದಾನೆ. ಹೊಲವನ್ನು ಉಳಲಿ, ಅಂಗಡಿಯನ್ನಿಡಲಿ, ಮುಂದಿನ ವರುಷ ಮತ್ತೆ ಓಡಲಿ, ಅವನ ಕಾಯಕಕ್ಕೆ ಆ ನೇಮವೇ ಬಂಡವಾಳ. ಆದಕಾರಣ ಅವನಿಗೆ ಬಿಸಿನೀರು ಕಾಯಿಸಿಕೊಡಿರಿ, ರೊಟ್ಟಿ ಬಡಿಸಿರಿ, ಪಕ್ಕದಲ್ಲಿ ಕುಳಿತುಕೊಳ್ಳಿರಿ.

ಸೋಲಿನಲ್ಲಿಯೂ ಕೆಡದ ನಿಷ್ಠೆಯನ್ನು ಪರಶಿವನು ನಿಮ್ಮೆಲ್ಲರ ಮನೆಗಳ ಮಕ್ಕಳಿಗೆ ಕರುಣಿಸಲೆಂದು ಹಾರೈಸಿ ವಿರಮಿಸುತ್ತೇನೆ.