ವಿದ್ಯೆಯ ಕ್ರಯವೂ ಋಣವೂ

ಹಣ ಕೊಟ್ಟು ವಿದ್ಯೆಯನ್ನು ಪಡೆಯುವುದು ಹೊಸ ಸಂಗತಿಯೇನೂ ಅಲ್ಲ. ವಿದ್ಯಾಪ್ರಾಪ್ತಿಯ ಮಾರ್ಗಗಳನ್ನು ಎಣಿಸಿದ ಹಿರಿಯರು ಗುರುಶುಶ್ರೂಷೆಯ ಮಗ್ಗುಲಲ್ಲಿಯೇ ಧನವನ್ನೂ ಹೇಳಿದ್ದಾರೆ. ಆದರೆ ಶುಶ್ರೂಷೆಗೆ ವರ್ಷಗಳು ಬೇಕಾಗಿದ್ದುವು. ಹಣವನ್ನು ಎಣಿಸಿ ಕೊಡುವುದಕ್ಕೆ ಒಂದು ನಿಮಿಷ ಸಾಕು. ಈ ಅಂತರದಿಂದ ಒಂದು ಧರ್ಮಪ್ರಶ್ನೆ ಹುಟ್ಟುತ್ತದೆ. ಕೇಳಿದ ಶುಲ್ಕವನ್ನು ಪೂರ್ತಿಯಾಗಿ ಸಲ್ಲಿಸಿದವನು ಕಲಿಸಿದವರ ಋಣದಿಂದ ಬಿಡುಗಡೆ ಹೊಂದಿದನೆ? ಅಥವಾ ಕ್ರಯವೇ ಬೇರೆ, ಋಣವೇ ಬೇರೆಯೆ?

ಈ ಪ್ರಶ್ನೆಯನ್ನು ಬರಿಯ ತರ್ಕದಿಂದ ಬಿಡಿಸುವುದಕ್ಕಿಂತ ಒಂದು ನಿದರ್ಶನವನ್ನು ಎದುರಿಗಿಟ್ಟುಕೊಂಡು ನೋಡುವುದು ಲೇಸು. ಕೊರಿಯಾ ದೇಶಕ್ಕೆ ಹೋಗುವ ಪ್ರವಾಸಿಗಳಲ್ಲಿ ಕೆಲವರು ಅರಮನೆಗಳನ್ನೂ ಬೌದ್ಧವಿಹಾರಗಳನ್ನೂ ನೋಡುವುದರ ಜೊತೆಗೆ, ಆ ನಾಡಿನ ಅಕ್ಕಿಯ ಮದ್ಯವನ್ನು ತಮ್ಮ ಕೈಯಿಂದಲೇ ಸಿದ್ಧಪಡಿಸುವ ಪಾಠಕ್ಕೂ ಸೇರುತ್ತಾರೆ. ಈ ಮದ್ಯಕ್ಕೆ ಮಕ್ಕೊಲ್ಲಿ ಎಂದು ಹೆಸರು. ಒರಟಾಗಿ, ಆಗತಾನೇ ಸೋಸಿದ್ದು ಎಂಬುದು ಆ ಮಾತಿನ ಅರ್ಥ. ನೋಡುವುದಕ್ಕೆ ಅದು ನೀರು ಬೆರಸಿದ ಮಜ್ಜಿಗೆಯಂತೆ ಬೆಳ್ಳಗೆ, ಕದಡಿಕೊಂಡಿರುತ್ತದೆ.

ಅದಕ್ಕೆ ಬೇಕಾದ ಪದಾರ್ಥಗಳು ಮೂರೇ: ಅಕ್ಕಿ, ನೀರು ಮತ್ತು ನುರುಕ್. ಈ ಮೂರರಲ್ಲಿ ನುರುಕ್ ಎಂಬುದು ಮರ್ಮದ ವಸ್ತು. ತರಿತರಿಯಾಗಿ ಒಡೆದ ಗೋಧಿಯನ್ನು ನೀರಿನಿಂದ ತೇವಗೊಳಿಸಿ, ಬಿಲ್ಲೆಯಾಗಿ ಅದುಮಿ, ಕೆಲವು ವಾರಗಳ ಕಾಲ ಬೆಚ್ಚಗಿನ ಸ್ಥಳದಲ್ಲಿಟ್ಟರೆ ಗಾಳಿಯಲ್ಲಿಯೂ ಧಾನ್ಯದಲ್ಲಿಯೂ ಇರುವ ಬೂಷ್ಟು, ಯೀಸ್ಟ್ ಮುಂತಾದ ಸೂಕ್ಷ್ಮಜೀವಿಗಳು ತಾವಾಗಿ ಬಂದು ಅದರಲ್ಲಿ ನೆಲಸುತ್ತವೆ. ಬೂಸಾನ್ ನಗರದ ಗುಮ್‌ಜಾಂಗ್ ಬೆಟ್ಟದ ಕೋಟೆಯೊಳಗಿನ ಹಳ್ಳಿಯಲ್ಲಿ ಈ ಬಿಲ್ಲೆಗಳನ್ನು ಇಂದಿಗೂ ಕಾಲಿನಿಂದ ತುಳಿದು ಮಾಡುತ್ತಾರೆ. ಹಾಲಿಗೆ ಹೆಪ್ಪು ಹೇಗೋ ಅನ್ನಕ್ಕೆ ನುರುಕ್ ಹಾಗೆ. ಅದರಲ್ಲಿನ ಬೂಷ್ಟು ಅಕ್ಕಿಯ ಪಿಷ್ಟವನ್ನು ಸಕ್ಕರೆಯಾಗಿಸುತ್ತಿರುವಾಗಲೇ ಯೀಸ್ಟ್ ಆ ಸಕ್ಕರೆಯನ್ನು ಮದ್ಯಸಾರವಾಗಿಸುತ್ತದೆ. ಒಂದೇ ಪಾತ್ರೆಯಲ್ಲಿ ಎರಡು ಕಾರ್ಯಗಳೂ ಏಕಕಾಲದಲ್ಲಿ ಸಾಗುತ್ತವೆ.

ಪಾಠದ ಅವಧಿ ಸಾಮಾನ್ಯವಾಗಿ ಎರಡು ಮೂರು ಗಂಟೆ. ಅಕ್ಕಚ್ಚು ತಿಳಿಯಾಗುವವರೆಗೆ ಅಕ್ಕಿಯನ್ನು ಮತ್ತೆ ಮತ್ತೆ ತೊಳೆಯಬೇಕು, ಕೆಲವು ಗಂಟೆ ನೆನೆಹಾಕಬೇಕು, ನೀರು ಬಸಿದು ಹಬೆಯಲ್ಲಿ ಬೇಯಿಸಬೇಕು, ಹರಡಿ ಆರಿಸಬೇಕು. ಇಷ್ಟಕ್ಕೆಲ್ಲ ಅತಿಥಿಗೆ ಪುರಸತ್ತಿಲ್ಲದುದರಿಂದ ಅನೇಕ ಕಡೆ ಈ ಪೂರ್ವಸಿದ್ಧತೆಯನ್ನು ಉಪಾಧ್ಯಾಯರೇ ಮಾಡಿಟ್ಟಿರುತ್ತಾರೆ. ಪ್ರವಾಸಿಯು ಬಿಡಿಬಿಡಿಯಾಗಿ ಬೆಂದ ಆ ಗಟ್ಟಿ ಅನ್ನಕ್ಕೆ ನುರುಕನ್ನೂ ನೀರನ್ನೂ ಸೇರಿಸಿ, ಅನ್ನವು ನೀರನ್ನು ಹೀರಿಕೊಂಡು ಮೆತ್ತಗಾಗುವ ತನಕ ಕೈಯಿಂದ ಹಿಸುಕಿ, ಜಾಡಿಗೆ ತುಂಬಿ ಬಾಯಿಗೆ ಬಟ್ಟೆ ಕಟ್ಟುತ್ತಾನೆ. ಅಲ್ಲಿಗೆ ಪಾಠ ಮುಗಿಯಿತು. ಆದರೆ ಕೆಲಸ ಆಗತಾನೇ ಆರಂಭವಾಯಿತು. ಮೊದಲ ಕೆಲವು ದಿನ ಜಾಡಿಯನ್ನು ಕದಡುತ್ತಿರಬೇಕು. ಅದು ಮಳೆಹನಿಯಂತೆ ಸದ್ದುಮಾಡಿ, ನೊರೆಯೆದ್ದು, ಶಾಂತವಾಗಿ, ಸೋಸುವ ಹದಕ್ಕೆ ಬರುವುದಕ್ಕೆ ಒಂದು ವಾರವಾದರೂ ಬೇಕು. ವಿಮಾನ ಹತ್ತಬೇಕಾದವನು ಅದನ್ನು ಜೊತೆಯಲ್ಲಿ ಒಯ್ಯುವಂತಿಲ್ಲ. ಬಾಯಿ ಬಿಗಿದರೆ ಒಳಗಿನ ಅನಿಲವು ಪಾತ್ರೆಯನ್ನೇ ಒಡೆದೀತು. ಆದುದರಿಂದ ಉಪಾಧ್ಯಾಯರು ಹಿಂದೆಯೇ ಮಾಡಿಟ್ಟ ಮದ್ಯವನ್ನು ಸೋಸಿ ರುಚಿಗೆ ಕೊಡುತ್ತಾರೆ. ಹೀಗೆ ಪ್ರವಾಸಿಯು ತಾನು ಮಾಡದುದನ್ನು ಕುಡಿದು, ತಾನು ಮಾಡಿದುದನ್ನು ಕುಡಿಯದೆ ಹೊರಡುತ್ತಾನೆ.

ಇಲ್ಲಿ ಕ್ರಯಕ್ಕೆ ಸಂದುದು ಯಾವುದು? ಅಕ್ಕಿ, ನುರುಕ್, ಜಾಡಿ, ಕೋಣೆಯ ಬಾಡಿಗೆ, ಉಪಾಧ್ಯಾಯರ ಆ ದಿನದ ಶ್ರಮ — ಇವಿಷ್ಟಕ್ಕೂ ಬೆಲೆ ಕಟ್ಟಬಹುದು, ಕಟ್ಟಿದ್ದಾಗಿದೆ. ಆದರೆ ಆ ವಿದ್ಯೆ ಆ ಕೋಣೆಯವರೆಗೆ ಹೇಗೆ ಬಂದಿತೆಂಬುದನ್ನು ನೋಡಿದರೆ ಲೆಕ್ಕ ಅಷ್ಟಕ್ಕೇ ಮುಗಿಯುವುದಿಲ್ಲ.

ಹಿಂದೆ ಕೊರಿಯಾದಲ್ಲಿ ಮದ್ಯವನ್ನು ಮನೆಮನೆಯಲ್ಲಿಯೂ ಮಾಡುತ್ತಿದ್ದರು. ಪಿತೃಗಳಿಗೆ ಸಲ್ಲಿಸುವ ಜೇಸಾ ಎಂಬ ಕರ್ಮದಲ್ಲಿ ಮದ್ಯವನ್ನರ್ಪಿಸುವುದು ವಿಧಿ. ಅದನ್ನು ಮನೆಯ ಅಕ್ಕಿಯಿಂದ ಮನೆಯವರೇ ಮಾಡುವುದು ರೂಢಿ. ಅತ್ತೆಯಿಂದ ಸೊಸೆಗೆ, ತಾಯಿಯಿಂದ ಮಗಳಿಗೆ ಆ ಹದ ಇಳಿದು ಬರುತ್ತಿತ್ತು. ಜಪಾನಿನ ಹಿಡಿತ ಬಲಿಯುತ್ತಿದ್ದ 1909ರಲ್ಲಿ ಮದ್ಯದ ತೆರಿಗೆಯ ಕಾನೂನು ಬಂದಿತು. 1916ರಲ್ಲಿ ಅದು ಇನ್ನಷ್ಟು ಬಿಗಿಯಾಯಿತು. 1934ರಲ್ಲಿ ಮನೆಬಳಕೆಗಾಗಿ ಮಾಡಿಕೊಳ್ಳುವ ಪರವಾನಗಿಯೇ ರದ್ದಾಯಿತು. 1945ರಲ್ಲಿ ದೇಶ ಸ್ವತಂತ್ರವಾದರೂ ಈ ನಿರ್ಬಂಧ ಹೋಗಲಿಲ್ಲ. 1960ರ ದಶಕದ ನಡುವೆ ಅಕ್ಕಿಯ ಅಭಾವದಿಂದಾಗಿ ದಕ್ಷಿಣ ಕೊರಿಯಾದ ಸರ್ಕಾರವು ಮದ್ಯಕ್ಕೆ ಅಕ್ಕಿಯನ್ನು ಬಳಸುವುದನ್ನೇ ನಿಷೇಧಿಸಿತು. ಅಕ್ಕಿಯ ಮದ್ಯವನ್ನು ಗೋಧಿಯ ಹಿಟ್ಟಿನಿಂದ ಮಾಡುವ ವಿಪರ್ಯಾಸ ಒದಗಿತು. 1990ರ ವೇಳೆಗೆ ಅಕ್ಕಿಯ ಬಳಕೆಗೆ ಪೂರ್ಣ ಅವಕಾಶ ದೊರೆತು, 1995ರಲ್ಲಿ ಮನೆಬಳಕೆಗೆ ಮಾಡಿಕೊಳ್ಳುವುದು ಮತ್ತೆ ಕಾನೂನುಬದ್ಧವಾಯಿತು. 2021ರಲ್ಲಿ ಮಕ್ಕೊಲ್ಲಿ ಮಾಡುವ ಪದ್ಧತಿಯನ್ನು ಸರ್ಕಾರವು ರಾಷ್ಟ್ರದ ಅಮೂರ್ತ ಸಾಂಸ್ಕೃತಿಕ ಸಂಪತ್ತುಗಳಲ್ಲಿ ಸೇರಿಸಿತು. ನಡುವಿನ ಅರುವತ್ತು ವರ್ಷಗಳ ಕಾಲ ಮನೆಯಲ್ಲಿ ಈ ವಿದ್ಯೆ ಉಳಿದಿದ್ದರೆ ಅದು ಕಳ್ಳತನದಿಂದ ಉಳಿದುದು. ಅಧಿಕಾರಿಗಳು ಶೋಧನೆಗೆ ಬಂದಾರೆಂಬ ಭಯದಲ್ಲಿ ಜಾಡಿಯನ್ನು ಬಚ್ಚಿಟ್ಟು, ಸಿಕ್ಕಿಬಿದ್ದರೆ ದಂಡ ತೆತ್ತು, ಹೆಸರಿಲ್ಲದ ಹೆಂಗಸರು ಅದನ್ನು ಕಾಪಾಡಿದರು. ಪ್ರವಾಸಿ ಕೊಟ್ಟ ಶುಲ್ಕದಲ್ಲಿ ಅವರ ಪಾಲು ಎಲ್ಲಿದೆ?

ಮದ್ಯದ ವಿಷಯದಲ್ಲಿ ಧರ್ಮದ ಮಾತೇಕೆ, ಆ ವಿದ್ಯೆ ನಶಿಸಿದ್ದರೆ ಲೋಕಕ್ಕೆ ಒಳ್ಳೆಯದೇ ಆಗುತ್ತಿತ್ತಲ್ಲವೆ ಎಂದು ಕೆಲವರು ಆಕ್ಷೇಪಿಸಬಹುದು. ಕುಡಿತದಿಂದ ಹಾಳಾದ ಸಂಸಾರಗಳನ್ನು ಕಂಡವರು ಈ ಮಾತನ್ನು ಹಗುರವಾಗಿ ತಳ್ಳಿಹಾಕಲಾರರು. ಆದರೆ ಮೇಲೆ ಹೇಳಿದ ಕಾನೂನುಗಳ ಉದ್ದೇಶ ಪಾನನಿರೋಧವಲ್ಲ. ಮೊದಲನೆಯದರದು ಬೊಕ್ಕಸ, ಎರಡನೆಯದರದು ಧಾನ್ಯದ ಉಳಿತಾಯ. ಅವು ಕುಡಿತವನ್ನು ನಿಲ್ಲಿಸಲಿಲ್ಲ. ಮಾಡುವ ಕೆಲಸವನ್ನು ಮನೆಯಿಂದ ಕಿತ್ತು ಪರವಾನಗಿಯುಳ್ಳ ಕಾರ್ಖಾನೆಗೆ ಒಪ್ಪಿಸಿದುವು. ಹಬ್ಬಕ್ಕೂ ಪಿತೃಕಾರ್ಯಕ್ಕೂ ಒಂದು ಜಾಡಿ ಮಾಡುತ್ತಿದ್ದ ಗೃಹಿಣಿ ಅಪರಾಧಿಯಾದಳು, ಕುಡಿಯುವವನು ಗಿರಾಕಿಯಾದನು. ಕುಡಿಯದವನೂ ಈ ಅನ್ಯಾಯವನ್ನು ಅನ್ಯಾಯವೆಂದು ಗುರುತಿಸಬಲ್ಲನು.

ಮತ್ತೊಂದು ಆಕ್ಷೇಪ ಇದಕ್ಕೆ ವಿರುದ್ಧವಾದ ದಿಕ್ಕಿನಿಂದ ಬರುತ್ತದೆ. ಪಿತೃಗಳಿಗೆ ಅರ್ಪಿಸುವ ವಸ್ತುವನ್ನು ಮಾಡುವ ಕ್ರಮವನ್ನು ಗಂಟೆಯ ಲೆಕ್ಕದಲ್ಲಿ ಪರದೇಶಿಗಳಿಗೆ ಮಾರುವುದು ಸಂಪ್ರದಾಯಕ್ಕೆ ಮಾಡಿದ ಅಪಚಾರವಲ್ಲವೆ? ಸಂಪ್ರದಾಯವು ಮನೆಗಳಲ್ಲಿ ಅಖಂಡವಾಗಿ ಉಳಿದಿದ್ದರೆ ಈ ಮಾತಿಗೆ ಬಲವಿರುತ್ತಿತ್ತು. ಈಗಿನ ಸ್ಥಿತಿ ಹಾಗಿಲ್ಲ. ತಾಯಿಯಿಂದ ಕಲಿಯುವ ಅವಕಾಶವಿಲ್ಲದೆ ಬೆಳೆದ ಕೊರಿಯನರೇ ಇಂದು ಹಳೆಯ ಪುಸ್ತಕಗಳಿಂದಲೂ ತರಗತಿಗಳಿಂದಲೂ ಅದನ್ನು ಕಲಿಯಬೇಕಾಗಿದೆ. ಸಿಯೋಲ್ ನಗರದ ಬಹುಮಹಡಿಯ ಮನೆಯಿಂದ ಬಂದ ಯುವತಿಯೂ ದೂರದೇಶದಿಂದ ಬಂದ ಪ್ರವಾಸಿಯೂ ನುರುಕಿನ ಬಿಲ್ಲೆಯ ಮುಂದೆ ಸಮಾನವಾಗಿ ಅಪರಿಚಿತರು. ಪ್ರವಾಸಿಗಳ ಹಣವು ಅಂಥ ತರಗತಿಯ ದೀಪವನ್ನು ಉರಿಯಿಸಿಟ್ಟರೆ, ಅದರಿಂದ ಆ ಯುವತಿಗೂ ಲಾಭವೇ. ಆದುದರಿಂದ ಮಾರುವುದರಲ್ಲಿ ದೋಷವಿಲ್ಲ. ಕೊಂಡುಕೊಂಡವನು ಕ್ರಯ ತೆತ್ತ ಮಾತ್ರಕ್ಕೆ ತನ್ನನ್ನು ಒಡೆಯನೆಂದು ಬಗೆದರೆ ಅಲ್ಲಿ ದೋಷವುಂಟು.

ಈ ವಿವೇಕಕ್ಕೆ ಕೊರಿಯಾದ ಚರಿತ್ರೆಯಲ್ಲಿಯೇ ಒಂದು ಸುಂದರವಾದ ಆಧಾರವಿದೆ. 1598ರಿಂದ 1680ರವರೆಗೆ ಬಾಳಿದ ಜಾಂಗ್ ಗ್ಯೆ-ಹ್ಯಾಂಗ್ ಎಂಬ ಗೃಹಿಣಿ, 1670ರ ಸುಮಾರಿಗೆ, ತನ್ನ ಮುಪ್ಪಿನಲ್ಲಿ ‘ಉಮ್‌ಸಿಕ್ ದಿಮಿಬಾಂಗ್’ ಎಂಬ ಪಾಕಗ್ರಂಥವನ್ನು ಕೊರಿಯದ ಹಾಂಗುಲ್ ಲಿಪಿಯಲ್ಲಿ ಬರೆದಳು. ಅದರಲ್ಲಿ ಸುಮಾರು 50 ಬಗೆಯ ಮದ್ಯಗಳ ವಿಧಾನಗಳಿವೆ. ಗ್ರಂಥದ ಕೊನೆಯಲ್ಲಿ ಆಕೆ, ಕಣ್ಣು ಮಂಜಾಗಿರುವಾಗ ಇದನ್ನು ಬರೆದಿರುವುದಾಗಿ ಹೇಳಿ, ಹೆಣ್ಣುಮಕ್ಕಳು ಇದನ್ನು ನಕಲು ಮಾಡಿಕೊಂಡು ಹೋಗಬಹುದು, ಆದರೆ ಪುಸ್ತಕವನ್ನೇ ಒಯ್ಯುವ ಯೋಚನೆ ಮಾಡಬಾರದು ಎಂದು ವಿಧಿಸಿದ್ದಾಳೆ. ಮದುವೆಯಾಗಿ ಬೇರೆ ಮನೆಗೆ ಹೋಗುವ ಮಗಳಿಗೆ ವಿದ್ಯೆಯನ್ನು ಆಕೆ ನಿರಾಕರಿಸಲಿಲ್ಲ. ಮೂಲವು ಮಾತ್ರ ಮನೆಯಲ್ಲಿರಬೇಕೆಂದಳು. ನಕಲು ಮಾಡುವುದಕ್ಕೆ ಕುಳಿತು ಅಕ್ಷರ ಅಕ್ಷರವಾಗಿ ಬರೆಯಬೇಕು. ಹಾಗೆ ಬರೆದವಳಿಗೆ ಮೂಲ ಯಾರದೆಂಬುದು ಮರೆಯುವಂತಿಲ್ಲ.

ಪ್ರವಾಸಿಯ ಕರ್ತವ್ಯವೂ ಇದೇ. ಅವನು ನಕಲು ಮಾಡಿಕೊಳ್ಳುವ ಮಗಳಂತೆ ನಡೆದುಕೊಳ್ಳಬೇಕು. ಮೊದಲನೆಯದಾಗಿ, ಮೂರು ಗಂಟೆಗಳಲ್ಲಿ ಕಲಿತುದನ್ನು ಮೂರು ಗಂಟೆಗಳ ಕಲಿಕೆಯೆಂದೇ ಹೇಳಬೇಕು. ಚಳಿಗಾಲದ ಹದವೂ ಬೇಸಗೆಯ ಹದವೂ ಒಂದೇ ಅಲ್ಲ. ಜಾಡಿ ಏಕೆ ಹುಳಿಯಿತೆಂದು ವಾಸನೆಯಿಂದಲೇ ತಿಳಿಯುವ ಶಕ್ತಿ ಹಲವು ಬಾರಿ ಕೆಡಿಸಿದವರಿಗೆ ಮಾತ್ರ ಬರುತ್ತದೆ. ಎರಡನೆಯದಾಗಿ, ಈ ವಿದ್ಯೆಯನ್ನು ತಾನು ಇಟ್ಟುಕೊಳ್ಳುವ ಮನಸ್ಸಿದ್ದರೆ, ಅಕ್ಕಿ ತೊಳೆಯುವುದರಿಂದ ಸೋಸುವವರೆಗೆ ಒಮ್ಮೆಯಾದರೂ ಎಲ್ಲವನ್ನೂ ತಾನೇ ಮಾಡಬೇಕು. ಅವನ ದೇಶದ ಕಾನೂನು ಅದಕ್ಕೆ ಅವಕಾಶ ಕೊಡದಿದ್ದರೆ ಬರಿಯ ಸಾಕ್ಷಿಯಾಗಿ ಉಳಿಯಬೇಕು. ಮೂರನೆಯದಾಗಿ, ಮತ್ತೊಬ್ಬರಿಗೆ ಹೇಳುವಾಗ ಯಾರ ವಿದ್ಯೆ, ಅದನ್ನು ಉಳಿಸಿಕೊಳ್ಳುವುದಕ್ಕೆ ಅವರು ಏನು ತೆತ್ತರು ಎಂಬುದನ್ನೂ ಕೂಡಿಯೇ ಹೇಳಬೇಕು.

ಇವುಗಳಿಂದ ಋಣ ತೀರುವುದಿಲ್ಲ. ಕೆಲವು ಋಣಗಳು ತೀರಿಸುವುದಕ್ಕಾಗಿ ಇರುವುವಲ್ಲ, ನೆನಪಿನಲ್ಲಿಡುವುದಕ್ಕಾಗಿ ಇರುತ್ತವೆ. ತಂದೆತಾಯಿಗಳ ಋಣ ಅಂಥದು, ವಿದ್ಯೆಯ ಋಣವೂ ಅಂಥದೇ. ಪ್ರವಾಸಿಯ ವಿಮಾನ ಸಮುದ್ರವನ್ನು ದಾಟುತ್ತಿರುವಾಗ ಅವನು ಬಟ್ಟೆ ಕಟ್ಟಿ ಬಿಟ್ಟುಬಂದ ಜಾಡಿಯನ್ನು ಯಾರೋ ಕದಡಬೇಕು, ಯಾರೋ ಸೋಸಬೇಕು. ಅದರ ರುಚಿಯನ್ನು ಅವನು ಅರಿಯನು. ಆದರೆ ಅವನು ಅಂದು ಬಟ್ಟಲಿನಲ್ಲಿ ಪಡೆದುದು ಸಹ ಹೀಗೆಯೇ ಇನ್ನೊಬ್ಬರ ಕೈಯಿಂದ ಸಿದ್ಧವಾದುದೆಂಬ ಅರಿವು ಅವನಲ್ಲಿ ಉಳಿದಿದ್ದರೆ, ಪಾಠ ವ್ಯರ್ಥವಾಗಲಿಲ್ಲ.