ಋಣ ಸಂಖ್ಯೆಗೆ ಜಾಗ ಎಲ್ಲಿ?

ಋಣ ಸಂಖ್ಯೆ ಯಾವ ಗುಂಪಿನದು ಎಂದು ಕೇಳಿದರೆ ಮಕ್ಕಳು ಥಟ್ಟನೆ ‘ಪೂರ್ಣಾಂಕ’ ಎನ್ನುತ್ತಾರೆ. -3ರ ಮಟ್ಟಿಗೆ ಅದು ಸರಿ. ಮೈನಸ್ ಮುಕ್ಕಾಲು ಕೂಡ ಋಣವೇ, ಆದರೆ ಅದು ಪೂರ್ಣಾಂಕವಲ್ಲ, ಭಾಗಲಬ್ಧ ಸಂಖ್ಯೆ. ಎರಡರ ವರ್ಗಮೂಲಕ್ಕೆ ಮೈನಸ್ ಹಚ್ಚಿದರೆ ಸಿಗುವುದು ಅಭಾಗಲಬ್ಧ ಸಂಖ್ಯೆ. ಐದರಲ್ಲಿ ಎಂಟು ಕಳೆಯಬೇಕಾದಾಗ ಸ್ವಾಭಾವಿಕ ಸಂಖ್ಯೆಗಳು ಸಾಲವು. ಋಣ ಒಳಬರುವುದು ಅಲ್ಲಿ. ಒಮ್ಮೆ ಬಂದ ಮೇಲೆ ಪೂರ್ಣಾಂಕ, ಭಾಗಲಬ್ಧ, ವಾಸ್ತವ ಎಂದು ಗುಂಪು ಹಿಗ್ಗಿದಂತೆಲ್ಲ ಅದೂ ಜೊತೆಗೇ ನಡೆಯುತ್ತದೆ.

ಈ ಪ್ರವೇಶ ಸುಲಭವಾಗಿ ಸಿಕ್ಕಿದ್ದಲ್ಲ. 628ರಲ್ಲಿ ಬ್ರಹ್ಮಗುಪ್ತ ‘ಬ್ರಾಹ್ಮಸ್ಫುಟಸಿದ್ಧಾಂತ’ದಲ್ಲಿ ಧನ, ಋಣ, ಶೂನ್ಯಗಳ ಲೆಕ್ಕಕ್ಕೆ ನಿಯಮ ಬರೆದ; ಋಣವನ್ನು ಋಣದಿಂದ ಗುಣಿಸಿದರೆ ಧನ ಎಂಬುದು ಅವುಗಳಲ್ಲೊಂದು. ಆದರೂ ಐದು ಶತಮಾನಗಳ ನಂತರ ಭಾಸ್ಕರಾಚಾರ್ಯನಂಥವನೂ ಹಿಂಜರಿದ. ಅವನ ‘ಬೀಜಗಣಿತ’ದಲ್ಲಿ ಕೋತಿಗಳ ಲೆಕ್ಕವೊಂದಿದೆ. ಹಿಂಡಿನ ಐದನೇ ಒಂದು ಭಾಗದಲ್ಲಿ ಮೂರು ಕಳೆದು, ಉಳಿದುದನ್ನು ವರ್ಗ ಮಾಡಿದರೆ ಎಷ್ಟೋ ಅಷ್ಟು ಕೋತಿಗಳು ಗುಹೆಗೆ ಹೋದವು. ಒಂದು ಮಾತ್ರ ಮರದ ಮೇಲೆ ಕಾಣುತ್ತಿದೆ. ಉತ್ತರ ಎರಡು: 50 ಮತ್ತು 5. ಐದನ್ನು ಅವನು ಒಪ್ಪಲಿಲ್ಲ, ಏಕೆಂದರೆ ಒಂದರಲ್ಲಿ ಮೂರು ಕಳೆದರೆ -2. ಋಣವಾದ ಎಣಿಕೆಯನ್ನು ಜನ ನಂಬುವುದಿಲ್ಲ ಎಂದ. ನನಗೆ ಇದು ಹಿನ್ನಡೆಯಾಗಿ ಕಾಣುವುದಿಲ್ಲ. ಕೋತಿಗಳನ್ನು ಎಣಿಸುವಾಗ ಬೇಕಾದದ್ದು ಸ್ವಾಭಾವಿಕ ಸಂಖ್ಯೆ. ಯಾವ ಪ್ರಶ್ನೆಗೆ ಯಾವ ಗುಂಪು ಎಂಬ ವಿವೇಕ ಅದು.

ಅವನಿಗಿಂತ ಮೊದಲೇ, ಒಂಬತ್ತನೇ ಶತಮಾನದಲ್ಲಿ, ನಮ್ಮ ಅಮೋಘವರ್ಷ ನೃಪತುಂಗನ ಕಾಲದ ಜೈನ ಗಣಿತಜ್ಞ ಮಹಾವೀರಾಚಾರ್ಯ ಇನ್ನೂ ಆಳಕ್ಕೆ ಇಳಿದಿದ್ದ. ಋಣ ಸಂಖ್ಯೆ ಸ್ವಭಾವತಃ ವರ್ಗವಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದು ‘ಗಣಿತಸಾರಸಂಗ್ರಹ’ದಲ್ಲಿ ಬರೆದ. ವಾಸ್ತವ ಸಂಖ್ಯೆಗಳ ಎಲ್ಲೆಯನ್ನೇ ಅವನು ಮುಟ್ಟಿದ್ದ. ಕನ್ನಡ ನಾಡಿನ ಈ ಹೆಸರನ್ನು ಗಣಿತದ ತರಗತಿಯಲ್ಲಿ ಅಭಿಮಾನದಿಂದ ಹೇಳಬೇಕು ಎಂಬುದು ನನ್ನ ಆಸೆ.

ಆ ಎಲ್ಲೆ ದಾಟಲು 16ನೇ ಶತಮಾನದ ಇಟಲಿಯವರೆಗೆ ಕಾಯಬೇಕಾಯಿತು. ಕಾರ್ಡಾನೊ, ಬೊಂಬೆಲ್ಲಿ ಋಣದ ವರ್ಗಮೂಲಗಳನ್ನು ಲೆಕ್ಕಕ್ಕೆ ತಂದರು. ಮುಂದೆ ಅವು ಸಂಕೀರ್ಣ ಸಂಖ್ಯೆಗಳ ಗುಂಪಾದವು. ಋಣ ಸಂಖ್ಯೆಗಳು ಅಲ್ಲೂ ಇವೆ, ಆದರೆ ಎಲ್ಲವನ್ನೂ ಧನ, ಋಣ ಎಂದು ಹಂಚಲು ಬರುವುದಿಲ್ಲ. -1ರ ವರ್ಗಮೂಲ ಧನವಾಗಿದ್ದರೆ ಅದರ ವರ್ಗ ಧನವಾಗಬೇಕು. ಋಣವಾಗಿದ್ದರೂ, ಬ್ರಹ್ಮಗುಪ್ತನ ನಿಯಮದಂತೆ, ಧನವೇ ಆಗಬೇಕು. ಅದರ ವರ್ಗವೋ -1. ಹಾಗಾಗಿ ಅದು ಧನವೂ ಅಲ್ಲ, ಋಣವೂ ಅಲ್ಲ, ಶೂನ್ಯವೂ ಅಲ್ಲ.